ಓದಿನ ಋಣ

ಕಾಖಂಡಕಿಯ ಹೆಸರು ಹೊರಗಿನವರ ಕಿವಿಗೆ ಬೀಳುವುದು ಹೆಚ್ಚಾಗಿ ಕಾರಹುಣ್ಣಿಮೆಯ ಬೆನ್ನಿಗೆ. ಎತ್ತು, ಹೋರಿಗಳ ಕರಿ ಓಟ ನೋಡಲು ಸುತ್ತಲಿನ ಊರುಗಳ ಜನ ಬಂದು ಸೇರುತ್ತಾರೆ. ವಿಜಯಪುರ ಜಿಲ್ಲೆ ಬಬಲೇಶ್ವರ ತಾಲ್ಲೂಕಿನ ಈ ಊರಿಗೆ ಇನ್ನೊಂದು ಹೆಸರೂ ಅಂಟಿಕೊಂಡಿದೆ. ಅದು ಮಹಿಪತಿದಾಸರದು. ಓದು ಮನುಷ್ಯನ ವಿಚಾರವನ್ನು ವಿಶಾಲ ಮಾಡುತ್ತದೆ ಎಂದು ನಾವೆಲ್ಲ ಹೇಳುತ್ತೇವಲ್ಲ, ಆ ಮಾತಿಗೆ ನಿಜವಾದ ಅರ್ಥವೇನು ಎಂದು ಯೋಚಿಸಲು ಕೂತಾಗಲೆಲ್ಲ ನನಗೆ ಮೊದಲು ನೆನಪಾಗುವವರು ಅವರು.

ಮಹಿಪತಿಗಳು ಹದಿನೇಳನೆಯ ಶತಮಾನದವರು. ಮೂಲ ಅಥಣಿ ಕಡೆಯ ಐಗಳಿ. ಲೆಕ್ಕಪತ್ರದಲ್ಲಿ ನಿಪುಣರಾಗಿದ್ದರಿಂದ ಬಿಜಾಪುರದ, ಅಂದರೆ ಈಗಿನ ವಿಜಯಪುರದ, ಆದಿಲ್‌ಶಾಹಿ ಆಡಳಿತದಲ್ಲಿ ದೊಡ್ಡ ಹುದ್ದೆಗೆ ಏರಿದರು. ಅವರ ಬದುಕು ಹೊರಳಿದ ಬಗೆಯನ್ನು ಒಂದು ಐತಿಹ್ಯ ಹೇಳುತ್ತದೆ. ದಾಸರ ಚರಿತ್ರೆಗಳು ಶಾಹನುಂಗಿ ಎಂದು ಕರೆಯುವ ಒಬ್ಬ ಸೂಫಿ ಅವಧೂತ ಅವರ ಕೈಯಲ್ಲಿದ್ದ ಅಧಿಕಾರದ ಮುದ್ರೆಯುಂಗುರವನ್ನು ಇಸಿದುಕೊಂಡು ಕೋಟೆಯ ಕಂದಕಕ್ಕೆ ಎಸೆದನಂತೆ. ಮಹಿಪತಿಗಳು ಗಾಬರಿಯಾದಾಗ ನೀರಿನಿಂದ ಅಂಥವೇ ಹಲವು ಉಂಗುರ ತೆಗೆದು, ನಿನ್ನದು ಯಾವುದು ಆರಿಸಿಕೋ ಎಂದನಂತೆ. ಮುಂದೆ ತನ್ನ ಹತ್ತಿರವೇ ಇರು ಎನ್ನದೆ, ಸಾರವಾಡದಲ್ಲಿ ಭಾಸ್ಕರಸ್ವಾಮಿಗಳಿದ್ದಾರೆ, ನಿನ್ನ ಗುರು ಅವರು, ಅಲ್ಲಿಗೆ ಹೋಗು ಎಂದು ಕಳಿಸಿದನಂತೆ. ಮಹಿಪತಿಗಳು ಹುದ್ದೆ ಬಿಟ್ಟರು, ಸಾರವಾಡದಲ್ಲಿ ಯೋಗ ಕಲಿತರು, ಕಾಖಂಡಕಿಯಲ್ಲಿ ನೆಲೆ ನಿಂತರು. ಹರಿದಾಸರ ಸಾಲಿನಲ್ಲಿ ಸೇರಿ ಕನ್ನಡದ ಜೊತೆಗೆ ಮರಾಠಿಯಲ್ಲೂ ದಖನಿ ಹಿಂದಿಯಲ್ಲೂ ಹಾಡಿದರು. ಮಗ ಕೃಷ್ಣದಾಸರೂ ಅದೇ ದಾರಿ ಹಿಡಿದರು.

ಉಂಗುರದ ಕಥೆ ಹೀಗೆಯೇ ನಡೆಯಿತೇ ಎಂದು ವಾದಿಸುವುದರಲ್ಲಿ ನನಗೆ ಆಸಕ್ತಿ ಇಲ್ಲ. ನನ್ನನ್ನು ಹಿಡಿದು ನಿಲ್ಲಿಸುವ ಸಂಗತಿ ಬೇರೆ. ಒಂದು ಹರಿದಾಸ ಪರಂಪರೆ ತನ್ನ ಹಿರಿಯರ ಕಥೆಯನ್ನು ಹೇಳುವಾಗ ಆ ಸೂಫಿಯನ್ನು ಕಥೆಯಿಂದ ಹೊರಗೆ ಇಡಲಿಲ್ಲ. ಇಡಬಹುದಿತ್ತು. ಕನಸಿನಲ್ಲಿ ದೇವರು ಬಂದು ಸಾರವಾಡಕ್ಕೆ ಹೋಗೆಂದ ಎಂದು ಹೇಳಿಬಿಟ್ಟಿದ್ದರೆ ಕೇಳುವವರಿರಲಿಲ್ಲ. ಅಂಥ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಆದರೂ ಕೀರ್ತನೆ ಹಾಡುವ ಮನೆಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಒಂದು ಮಾತು ಉಳಿದುಕೊಂಡು ಬಂತು. ನಮ್ಮ ದಾಸರ ಕಣ್ಣು ತೆರೆಸಿದವರಲ್ಲಿ ಒಬ್ಬ ಮುಸಲ್ಮಾನನಿದ್ದ ಎಂಬ ಮಾತು.

ವಿಚಾರ ವಿಶಾಲವಾಗುವುದು ಎಂದರೆ ಇದೇ ಎಂಬುದು ನನ್ನ ವಾದ. ನಮ್ಮವರೆಂದು ನಾವು ಎಣಿಸದ ಒಬ್ಬರಿಗೆ ನಾವು ಋಣಿಗಳು ಎಂದು ಗೊತ್ತಾಗುವುದು, ಗೊತ್ತಾದದ್ದನ್ನು ಮರೆಯದೆ ಇಟ್ಟುಕೊಳ್ಳುವುದು. ಎಷ್ಟು ಪುಸ್ತಕ ಓದಿದೆ, ಎಷ್ಟು ಶಿಬಿರಕ್ಕೆ ಹೋದೆ, ಎಷ್ಟು ಭಾಷೆ ಬರುತ್ತದೆ ಎಂಬುದರಿಂದ ಇದನ್ನು ಅಳೆಯಲು ಬರುವುದಿಲ್ಲ. ಒಂದೇ ಮಗ್ಗುಲಿನ ಸಾವಿರ ಪುಸ್ತಕ ಓದಿ ಮೊದಲಿಗಿಂತ ಬಿಗಿಯಾಗಿ ಬಾಗಿಲು ಹಾಕಿಕೊಂಡವರನ್ನು ನಾನು ಬಲ್ಲೆ. ಶಾಲೆಯ ಮೆಟ್ಟಿಲು ಹತ್ತದೆಯೂ, ಈ ಹಾಡು ನನಗೆ ಕಲಿಸಿದಾಕಿ ಇಂಥ ಓಣಿಯ ಇಂಥ ಮುದುಕಿ ಎಂದು ಹೆಸರು ಹಿಡಿದು ಹೇಳುವವರನ್ನೂ ಬಲ್ಲೆ. ಎರಡನೆಯವರ ಮನಸ್ಸಿನಲ್ಲಿ ಹೆಚ್ಚು ಜನ ವಾಸವಾಗಿದ್ದಾರೆ.

ಸಾಲಗಾರನಾದೆ ಎಂದು ತಿಳಿಯಲು ಪುಸ್ತಕ ಬೇಕೇ? ಕೆಲವು ಸಲ ಬೇಕು, ಯಾಕೆಂದರೆ ಅತಿ ಹತ್ತಿರದವರ ಸಾಲ ಕಾಣುವುದೇ ಇಲ್ಲ. ನನಗೆ ಇದು ಮನವರಿಕೆಯಾದದ್ದು ಗರತಿಯ ಹಾಡು ಓದಿದಾಗ. 1931ರಲ್ಲಿ ಅದನ್ನು ಹೊರತಂದ ಹಲಸಂಗಿ ಗೆಳೆಯರು ನಮ್ಮ ಜಿಲ್ಲೆಯವರೇ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ. ಹಳ್ಳಿಯ ತರುಣರು. ಮಧುರಚೆನ್ನರಿಗೆ ದೊಡ್ಡ ಕಾಲೇಜಿನ ಓದು ಇರಲಿಲ್ಲ. ಆದರೂ ಇಂಗ್ಲಿಷ್ ಕಲಿತು ದೇಶವಿದೇಶಗಳ ವಿಚಾರವಂತರನ್ನು ಓದಿದರು, ಪಾಂಡಿಚೇರಿಯ ಅರವಿಂದರ ಕಡೆಗೆ ನಡೆದರು, ತಮ್ಮ ಒಳಗಿನ ತಾಕಲಾಟವನ್ನು ಪೂರ್ವರಂಗ, ಕಾಳರಾತ್ರಿ, ಬೆಳಗು ಎಂಬ ಪುಸ್ತಕಗಳಲ್ಲಿ ಬರೆದಿಟ್ಟರು. ಪಾಂಡಿಚೇರಿಯ ಕಡೆಗೆ ಮುಖ ಮಾಡಿದ ಅದೇ ಮನುಷ್ಯ ಹಲಸಂಗಿಯ ಮನೆಗಳಲ್ಲಿ ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತವರ ತ್ರಿಪದಿಗೂ ಕಿವಿ ಕೊಟ್ಟರು. ಮೊದಲನೆಯದಕ್ಕೆ ಬುದ್ಧಿಯ ಹಸಿವು ಸಾಕು. ಎರಡನೆಯದಕ್ಕೆ ಅದಕ್ಕಿಂತ ಹೆಚ್ಚಿನದು ಬೇಕು, ಯಾಕೆಂದರೆ ಮನೆಯ ಹೆಂಗಸರ ಹಾಡಿನಲ್ಲಿ ವಿಚಾರ ಇದೆ ಎಂದು ಆ ಕಾಲದ ಓದಿದವರಲ್ಲಿ ಹೆಚ್ಚಿನವರು ನಂಬಿರಲಿಲ್ಲ.

ನಾನು ಆ ಪುಸ್ತಕ ಓದುವ ಹೊತ್ತಿಗೆ ನಮ್ಮ ಓಣಿಗೆ ಹಿಟ್ಟಿನ ಗಿರಣಿ ಬಂದು ಬಹಳ ಕಾಲವಾಗಿತ್ತು. ನನ್ನ ಅವ್ವನಿಗೆ ಹಾಡು ಬರುತ್ತಿದ್ದವು, ಹಾಡುವ ಸಂದರ್ಭ ಹೋಗಿತ್ತು. ಜೋಳ ಬೀಸುತ್ತ ತವರನ್ನು, ಹೆಣ್ಣಿನ ಬಾಳನ್ನು, ಸಾವನ್ನು ಮೂರು ಸಾಲಿನಲ್ಲಿ ಹಿಡಿದಿಡುವುದು ಚಿಂತನೆಯ ಕೆಲಸ. ಒಂದು ಕೈ ಗೂಟ ಹಿಡಿದಿದೆ, ಇನ್ನೊಂದು ಕೈ ಕಾಳು ಹಾಕುತ್ತಿದೆ, ಮಗು ತೊಡೆಯ ಮೇಲಿದೆ. ಬರೆದಿಟ್ಟುಕೊಳ್ಳುವ ಅನುಕೂಲವಿಲ್ಲ. ಆದ್ದರಿಂದಲೇ ಮಾತು ಅಷ್ಟು ಬಿಗಿ. ತತ್ವಶಾಸ್ತ್ರ ಮೇಜು ಕುರ್ಚಿಯ ಹತ್ತಿರ ಹುಟ್ಟುತ್ತದೆ ಎಂದು ನನ್ನ ತಲೆಯಲ್ಲಿ ಶಾಲೆ ಕೂರಿಸಿದ್ದ ಚಿತ್ರವನ್ನು ಈ ಪುಸ್ತಕ ಅಲುಗಾಡಿಸಿತು. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಬಿಟ್ಟುಹೋಯಿತು. ಹಲಸಂಗಿ ಗೆಳೆಯರ ಹೆಸರು ಕನ್ನಡದ ಓದುಗರಿಗೆಲ್ಲ ಗೊತ್ತು, ಹಾಡಿದವರ ಹೆಸರು ನಮಗ್ಯಾರಿಗೂ ಗೊತ್ತಿಲ್ಲ. ಗೆಳೆಯರು ಮಾಡಿದ ಉಪಕಾರ ಸಣ್ಣದಲ್ಲ, ಅವರಿಲ್ಲದಿದ್ದರೆ ಹಾಡೂ ಉಳಿಯುತ್ತಿರಲಿಲ್ಲ. ಆದರೂ ಋಣದ ಪತ್ರದಲ್ಲಿ ಕೊಟ್ಟವಳ ಹೆಸರಿನ ಜಾಗ ಖಾಲಿ ಇದೆ ಎಂಬುದನ್ನು ಓದುಗ ಗಮನಿಸಲೇಬೇಕು.

ಫ. ಗು. ಹಳಕಟ್ಟಿಯವರ ವಿಷಯದಲ್ಲಿ ನಾನು ಹೆಚ್ಚು ವಿವರಕ್ಕೆ ಹೋಗುವುದಿಲ್ಲ, ವಿಜಯಪುರದ ಮಕ್ಕಳಿಗೂ ಅವರ ಕಥೆ ಗೊತ್ತು. ಧಾರವಾಡದಲ್ಲಿ ಹುಟ್ಟಿ, ಮುಂಬಯಿಯಲ್ಲಿ ಕಾನೂನು ಓದಿ, ಬಿಜಾಪುರಕ್ಕೆ ವಕೀಲಿಕೆಗೆ ಬಂದವರು ವಚನಗಳನ್ನು ಹುಡುಕುತ್ತ ಮನೆಮನೆಯ ತಾಳೆಗರಿ ಕಟ್ಟುಗಳನ್ನು ಬಿಚ್ಚಿದರು. 1923ರಲ್ಲಿ ವಚನಶಾಸ್ತ್ರಸಾರ, 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ. ಈ ಕೆಲಸಕ್ಕೆ ಮನೆಯನ್ನೂ ಮಾರಿಕೊಂಡರು. ನನ್ನ ವಾದಕ್ಕೆ ಬೇಕಾದದ್ದು ಇಷ್ಟು. ಇಂಗ್ಲಿಷ್ ಕಾನೂನು ಓದಿದ ಮನುಷ್ಯನಿಗೆ ವಿಶಾಲತೆ ಎಂದರೆ ಇನ್ನೂ ದೂರಕ್ಕೆ, ಲಂಡನ್ನಿನ ಕಡೆಗೆ ನಡೆಯುವುದಾಗಿತ್ತು ಎಂದು ಎಲ್ಲರೂ ಭಾವಿಸುತ್ತಿದ್ದ ಕಾಲ ಅದು. ಅವರು ನಡೆದದ್ದು ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಉರಿಲಿಂಗಪೆದ್ದಿಯರ ಕಡೆಗೆ. ಬಟ್ಟೆ ತೊಳೆದವರು, ದೋಣಿ ನಡೆಸಿದವರು, ಊರ ಹೊರಗೆ ಇರಿಸಲ್ಪಟ್ಟವರು ಏನು ಯೋಚಿಸಿದ್ದರು ಎಂದು ಕೇಳಿಕೊಳ್ಳಲು ಕಾಲೇಜುಗಳ ಪಠ್ಯದಲ್ಲಿ ಆಗ ಅವಕಾಶವೇ ಇರಲಿಲ್ಲ.

ಇಲ್ಲಿಯವರೆಗೆ ಹೇಳಿದ ಋಣಗಳಲ್ಲಿ ಒಂದು ಸುಖವಿದೆ. ಸೂಫಿ ಕೊಟ್ಟ, ದಾಸರು ಪಡೆದರು. ಹೆಂಗಸರು ಹಾಡಿದರು, ಗೆಳೆಯರು ಬರೆದುಕೊಂಡರು. ಕೊಟ್ಟವರನ್ನು ನೆನೆದು ಕೈಮುಗಿದರೆ ಮನಸ್ಸಿಗೆ ಹಿತ. ವಿಚಾರವನ್ನು ನಿಜವಾಗಿ ಅಗಲ ಮಾಡುವ ಪುಸ್ತಕಗಳು ಮಾತ್ರ ಹಿತ ಕೊಡುವುದಿಲ್ಲ.

ಅರವಿಂದ ಮಾಲಗತ್ತಿಯವರ ಗೌರ್ಮೆಂಟ್ ಬ್ರಾಹ್ಮಣ ಪ್ರಕಟವಾದದ್ದು 1994ರಲ್ಲಿ. ಮುದ್ದೇಬಿಹಾಳದ ದಲಿತ ಹುಡುಗನೊಬ್ಬ ಬೆಳೆದ ಕಥೆ. ಪುಸ್ತಕದ ಊರು ನಮ್ಮ ಜಿಲ್ಲೆಯದು, ಮಾತು ನಮ್ಮ ಮಾತು, ಬಿಸಿಲು ನಮ್ಮ ಬಿಸಿಲು. ಶಾಲೆ, ಬಾವಿ, ಚಹಾದಂಗಡಿ ಎಲ್ಲವೂ ನಾನು ಕಂಡಂಥವೇ. ಆದರೆ ಆ ಪುಸ್ತಕದಲ್ಲಿ ಅವು ನಿಂತ ರೀತಿ ಬೇರೆ. ನಾನು ಒಳಗೆ ನಡೆದುಹೋದ ಬಾಗಿಲಲ್ಲಿ ಇನ್ನೊಬ್ಬ ಹುಡುಗ ನಿಲ್ಲಬೇಕಾಗಿತ್ತು. ನನಗೆ ನೀರು ಸೇದುವ ಜಾಗ, ಅವನಿಗೆ ಕಾಯುವ ಜಾಗ. ಊರು ಒಂದೇ, ನಕಾಶೆ ಎರಡು. ನನ್ನ ಕೈಯಲ್ಲಿದ್ದದ್ದು ಒಂದೇ ನಕಾಶೆ, ಅದನ್ನೇ ಊರು ಎಂದು ಕರೆಯುತ್ತಿದ್ದೆವು, ಅದರ ಮೇಲೆ ಜಾತ್ರೆ, ಉರುಸು, ಭಜನೆ, ಸೌಹಾರ್ದ ಎಂದು ಚಂದದ ಹೆಸರುಗಳನ್ನು ಬರೆಯುತ್ತಿದ್ದೆವು.

ಇಂಥ ಪುಸ್ತಕಕ್ಕೆ ನಾವು ಋಣಿಯಾಗುವ ಬಗೆ ಬೇರೆ. ಬರೆದವರು ನಮಗೆ ಏನನ್ನೋ ಕೊಟ್ಟರು ಎಂಬುದು ಅರ್ಧ ಸತ್ಯ. ಉಳಿದರ್ಧ ಏನೆಂದರೆ, ಅವರಿಂದ ಮೊದಲೇ ತೆಗೆದುಕೊಂಡಾಗಿತ್ತು. ನಮ್ಮ ಬಾಲ್ಯದ ಸಲೀಸು ಯಾರದೋ ಬಾಲ್ಯದ ಕಟ್ಟುಪಾಡಿನ ಮೇಲೆ ನಿಂತಿತ್ತು. ಕೇಳದೆ ತೆಗೆದುಕೊಂಡದ್ದಕ್ಕೆ ಧನ್ಯವಾದ ಹೇಳಲು ಬರುವುದಿಲ್ಲ. ಕೈಮುಗಿದರೆ ಮುಗಿಯುವ ಬಾಕಿ ಅದಲ್ಲ. ಆ ಪುಸ್ತಕದ ನಂತರ ಓದುಗ ಯಾವ ಮನೆಯಲ್ಲಿ ಊಟಕ್ಕೆ ಕೂರುತ್ತಾನೆ, ಯಾರನ್ನು ತನ್ನ ಮನೆಯಲ್ಲಿ ಕೂರಿಸುತ್ತಾನೆ, ಮಗಳು ತಾನು ಮೆಚ್ಚಿದವನ ಹೆಸರು ಹೇಳಿದಾಗ ಮೊದಲು ಏನು ಕೇಳುತ್ತಾನೆ ಎಂಬುದರಲ್ಲಿ ಮಾತ್ರ ಅದು ತೀರಬೇಕು. ಪುಸ್ತಕ ಓದಿ ಕಣ್ಣಲ್ಲಿ ನೀರು ತಂದುಕೊಂಡವರು ಮರುದಿನ ಇದೇ ಪ್ರಶ್ನೆಗಳಿಗೆ ಹಳೆಯ ಉತ್ತರವನ್ನೇ ಕೊಟ್ಟರೆ ಅವರ ವಿಚಾರ ವಿಶಾಲವಾಯಿತು ಎಂದು ನಾನು ಒಪ್ಪುವುದಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಋಣ, ಋಣ ಎನ್ನುತ್ತ ಹೋದರೆ ಓದುಗ ತಲೆಬಾಗಿದ ಭಕ್ತನಾಗುವುದಿಲ್ಲವೇ? ವಿಚಾರ ಮಾಡುವವನು ಯಾರಿಗೂ ತಲೆಬಾಗಬಾರದಲ್ಲವೇ? ನಮ್ಮ ನಾಡಿನಲ್ಲಿ ಗುರುವಿನ ಹೆಸರಿನಲ್ಲಿ ಪ್ರಶ್ನೆಯ ಬಾಯಿಯನ್ನು ಎಷ್ಟು ಸಲ ಮುಚ್ಚಿಸಿದ್ದೇವೆ ಎಂಬುದನ್ನು ನೋಡಿದರೆ ಈ ಆಕ್ಷೇಪ ಹಗುರದ್ದಲ್ಲ. ಆದರೆ ಋಣಿಯಾಗುವುದು ಬೇರೆ, ಅಡಿಯಾಳಾಗುವುದು ಬೇರೆ. ಐತಿಹ್ಯದ ಸೂಫಿ ಮಹಿಪತಿಗಳನ್ನು ತನ್ನ ಪಂಥಕ್ಕೆ ಕರೆಯಲಿಲ್ಲ. ಮಹಿಪತಿಗಳೂ ಅವನ ಪಂಥಕ್ಕೆ ಸೇರಲಿಲ್ಲ. ಅವನು ತೋರಿದ ದಾರಿಯಲ್ಲಿ ತಮ್ಮ ಕಾಲಿನಿಂದ ನಡೆದು ತಮ್ಮ ದೇವರನ್ನು ಹಾಡಿದರು. ಕೊಟ್ಟವನು ಬಡ್ಡಿಯಾಗಿ ನಿಷ್ಠೆಯನ್ನು ಕೇಳಿದರೆ ಅದು ವಿದ್ಯೆಯ ಕೊಡುಗೆ ಅಲ್ಲ, ವ್ಯಾಪಾರ. ತನ್ನ ಹತ್ತಿರ ಬಂದವನನ್ನು ಇನ್ನೊಬ್ಬನ ಹತ್ತಿರ ಕಳಿಸಬಲ್ಲ ಗುರುವಿನ ಚಿತ್ರ ನಮ್ಮ ಸೀಮೆಯ ಐತಿಹ್ಯದಲ್ಲಿರುವುದು ನಮ್ಮ ಭಾಗ್ಯ.

ಇನ್ನೂ ಒಂದು ಆಕ್ಷೇಪ ಇದೆ, ನನಗೆ ಅದು ಹೆಚ್ಚು ಕಷ್ಟದ್ದು. ನಾವು ಪೂರ್ತಿ ವಿರೋಧಿಸುವವನ ಪುಸ್ತಕವೂ ನಮ್ಮನ್ನು ಬೆಳೆಸುತ್ತದೆ. ಅವನಿಗೂ ಋಣಿಯೇ? ಹೌದು ಎನ್ನುತ್ತೇನೆ. ನಮ್ಮ ದರ್ಶನಕಾರರಿಗೆ ಇದು ಗೊತ್ತಿತ್ತು. ತನ್ನ ಸಿದ್ಧಾಂತ ಹೇಳುವ ಮೊದಲು ಎದುರಾಳಿಯ ವಾದವನ್ನು ಪೂರ್ವಪಕ್ಷವಾಗಿ ಮಂಡಿಸಲೇಬೇಕೆಂಬ ಶಿಸ್ತು ಇಟ್ಟುಕೊಂಡಿದ್ದರು. ವಿಜಯನಗರ ಕಾಲದ ಮಾಧವಾಚಾರ್ಯರ ಸರ್ವದರ್ಶನಸಂಗ್ರಹ ಶುರುವಾಗುವುದೇ ಚಾರ್ವಾಕ ಮತದಿಂದ. ವೇದವನ್ನೂ ಪರಲೋಕವನ್ನೂ ಒಪ್ಪದವನಿಗೆ ಮೊದಲ ಪೀಠ. ಚಾರ್ವಾಕರ ಗ್ರಂಥಗಳು ಕಳೆದುಹೋದವು, ಅವರ ಮಾತು ಇವತ್ತು ನಮಗೆ ಸಿಕ್ಕುವುದು ಅವರನ್ನು ಖಂಡಿಸಿದವರ ಪುಟಗಳಲ್ಲಿ. ಖಂಡಿಸುವವನು ಎದುರಾಳಿಯ ಮಾತನ್ನು ಉಳಿಸಿಕೊಟ್ಟ, ಎದುರಾಳಿ ಖಂಡಿಸುವವನ ವಾದಕ್ಕೆ ಸಾಣೆ ಹಿಡಿದ. ಇಬ್ಬರೂ ಪರಸ್ಪರ ಬಾಕಿದಾರರು. ಎದುರಿನವನನ್ನು ಹುಚ್ಚ, ದ್ರೋಹಿ ಎಂದು ಕರೆದು ಮುಗಿಸುವ ಈಗಿನ ಜಗಳಗಳಲ್ಲಿ ಯಾರೂ ಯಾರಿಗೂ ಏನೂ ಬಾಕಿ ಉಳಿಸಿಕೊಳ್ಳುವುದಿಲ್ಲ, ಆದ್ದರಿಂದ ಯಾರೂ ಬೆಳೆಯುವುದೂ ಇಲ್ಲ.

ನಮ್ಮ ಸೀಮೆಯ ದೊಡ್ಡ ಪಾಠಶಾಲೆಯ ವಿಷಯ ಹೇಳದೆ ಈ ಪ್ರಬಂಧ ಪೂರ್ತಿಯಾಗದು. ಅದು ಪ್ರವಚನ. ಟಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ವಿಜಯಪುರದ ಜ್ಞಾನಯೋಗಾಶ್ರಮದಲ್ಲಿ ನೆಲೆ ನಿಂತ ಸಿದ್ಧೇಶ್ವರ ಸ್ವಾಮೀಜಿಯವರು ಊರೂರಿಗೆ ಹೋಗಿ ತಿಂಗಳುಗಟ್ಟಲೆ ಬೆಳಗಿನ ಹೊತ್ತು ಮಾತಾಡುತ್ತಿದ್ದರು. ಉಪನಿಷತ್ತು, ಪತಂಜಲಿಯ ಯೋಗಸೂತ್ರ, ಅಲ್ಲಮನ ವಚನ. ಹೊಲಕ್ಕೆ ಹೋಗುವ ಮೊದಲು ಬಂದು ಕೂತ ರೈತ, ಅಂಗಡಿ ತೆರೆಯುವ ಮೊದಲು ಬಂದು ಕೂತ ವ್ಯಾಪಾರಿ, ಕಾಲೇಜಿನ ಹುಡುಗ, ಒಲೆ ಹೊತ್ತಿಸುವ ಮೊದಲು ಬಂದ ಹೆಣ್ಣುಮಕ್ಕಳು, ಎಲ್ಲರೂ ನೆಲದ ಮೇಲೆ. ಪ್ರವೇಶ ಶುಲ್ಕವಿಲ್ಲ, ಹಾಜರಿ ಇಲ್ಲ, ಕೊನೆಗೆ ಪ್ರಮಾಣಪತ್ರವಿಲ್ಲ. ಅವರು ತೊಟ್ಟ ಅಂಗಿಗೆ ಕಿಸೆ ಇರಲಿಲ್ಲ. ಪದ್ಮಶ್ರೀಯನ್ನು ವಿನಯದಿಂದ ಬೇಡವೆಂದರು. ತಮಗೆ ಸ್ಮಾರಕ ಕಟ್ಟಬಾರದು ಎಂದು ಬರೆದಿಟ್ಟು 2023ರ ಜನವರಿ 2ರಂದು ತೀರಿಕೊಂಡರು.

ನಾನು ಹರೆಯದಲ್ಲಿ ಕೇಳಿದ ಆ ಪ್ರವಚನಗಳು ಕಾಲೇಜಿನ ಯಾವ ಪಾಠಕ್ಕಿಂತಲೂ ನನ್ನ ಮೇಲೆ ಹೆಚ್ಚು ಕೆಲಸ ಮಾಡಿವೆ. ಹೇಳಿದ ವಿಷಯ ಎಷ್ಟು ಮುಖ್ಯವೋ ಕೂತ ರೀತಿಯೂ ಅಷ್ಟೇ ಮುಖ್ಯ. ಯೋಗಸೂತ್ರ ಎಂಬ ಗ್ರಂಥ ನನ್ನ ಪಕ್ಕದಲ್ಲಿ ಕೂತ, ಅಕ್ಷರ ಬಾರದ ಹಿರಿಯನಿಗೂ ಸೇರಿದ್ದು ಎಂದು ನಾನು ಕಲಿತದ್ದು ಆ ಅಂಗಳದಲ್ಲಿ. ಒಬ್ಬನೇ ಕೋಣೆಯಲ್ಲಿ ಓದಿದ್ದರೆ, ಇದು ನನಗೆ ಸಿಕ್ಕ ಗುಟ್ಟು ಎಂಬ ಹಮ್ಮು ಬರುತ್ತಿತ್ತು. ಓದಿದವನ ವಿಚಾರ ಕುಗ್ಗುವುದು ಆ ಹಮ್ಮಿನಿಂದಲೇ. ಹಾಗಿದ್ದೂ ಪ್ರವಚನದ ಕ್ರಮದಲ್ಲಿ ಒಂದು ಕೊರತೆಯಿದೆ, ಅದನ್ನು ಗೌರವದಿಂದಲೇ ಹೇಳಬೇಕು. ಕೇಳುವವನು ತಿರುಗಿ ಕೇಳುವುದಿಲ್ಲ. ಮಾತಿನ ಶಾಂತಿಯಲ್ಲಿ ಮನಸ್ಸು ಹಿತವಾಗಿ ಕೂತುಬಿಡುತ್ತದೆ. ಪುಸ್ತಕದ ಜೊತೆ ಹಾಗಲ್ಲ. ನಿಲ್ಲಿಸಬಹುದು, ಹಿಂದಿನ ಪುಟಕ್ಕೆ ಹೋಗಬಹುದು, ಅಂಚಿನಲ್ಲಿ ಇದು ಹೇಗೆ ಎಂದು ಗೀಚಬಹುದು. ಮಾಲಗತ್ತಿಯವರ ಪುಸ್ತಕ ನನ್ನಲ್ಲಿ ಎಬ್ಬಿಸಿದ ಪ್ರಶ್ನೆಯನ್ನು ಸಾವಿರಾರು ಜನರ ನಡುವೆ ಎದ್ದುನಿಂತು ಕೇಳುವ ರೂಢಿ ನಮ್ಮಲ್ಲಿ ಬೆಳೆಯಲಿಲ್ಲ. ಒಟ್ಟಿಗೆ ಕೂರುವುದನ್ನು ಪ್ರವಚನ ಕಲಿಸಿತು, ಒಪ್ಪದಿರುವುದನ್ನು ಪುಸ್ತಕ ಕಲಿಸಿತು. ಒಟ್ಟಿಗೆ ಕೂತು ಒಪ್ಪದಿರುವುದನ್ನು ಕಲಿಸುವ ಜಾಗ ಇನ್ನೂ ಹುಡುಕಬೇಕಾಗಿದೆ. ಹೆಗ್ಗೋಡಿನಂಥ ಸಣ್ಣ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರು ನೀನಾಸಮ್ ನಾಟಕ ಸಂಸ್ಥೆಯ ಮೂಲಕ ಅಂಥದ್ದೊಂದನ್ನು ಕಟ್ಟಿ ತೋರಿಸಿದರು. ಅಲ್ಲಿಯ ಸಂಸ್ಕೃತಿ ಶಿಬಿರದಲ್ಲಿ ರಾತ್ರಿ ನೋಡಿದ ನಾಟಕವನ್ನು ಬೆಳಿಗ್ಗೆ ಮೇಷ್ಟರು, ರೈತರು, ವಿಮರ್ಶಕರು ಒಟ್ಟಿಗೆ ಕೂತು ಬಿಚ್ಚುತ್ತಾರೆ. ಮಲೆನಾಡಿನ ಅಡಿಕೆ ತೋಟದ ನಡುವೆ ಆದದ್ದು ನಮ್ಮ ಡೋಣಿ ಸೀಮೆಯ ಕರಿನೆಲದಲ್ಲಿ ಯಾಕಾಗಬಾರದು?

ಈಗ ಹುಡುಗ ಹುಡುಗಿಯರು ಓದುತ್ತಿಲ್ಲ ಎಂಬ ದೂರು ಕೇಳುತ್ತೇನೆ. ವಿಜಯಪುರದ ಯಾವ ವಾಚನಾಲಯಕ್ಕೆ ಹೋದರೂ ಆ ದೂರು ಸುಳ್ಳೆಂದು ಗೊತ್ತಾಗುತ್ತದೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಓದುತ್ತಾರೆ. ಪೊಲೀಸ್, ಪಿಡಿಒ, ಎಫ್‌ಡಿಎ, ಕೆಎಎಸ್ ಪರೀಕ್ಷೆಗಳ ಗೈಡುಗಳು. ಈ ಓದನ್ನು ಹೀಗಳೆಯುವವರ ಜೊತೆ ನಾನು ಸೇರಲಾರೆ. ಮನೆಯಲ್ಲಿ ಮೊದಲ ಸಲ ಪುಸ್ತಕ ಹಿಡಿದ ಹುಡುಗಿಯೊಬ್ಬಳು ಈ ಗೈಡಿನ ದೆಸೆಯಿಂದ ತಾಲ್ಲೂಕು ಕಚೇರಿಯ ಕುರ್ಚಿಯಲ್ಲಿ ಕೂತರೆ ಅವಳ ಲೋಕವೂ ಅವಳ ಮನೆಯವರ ಲೋಕವೂ ಅಗಲವಾಗುತ್ತದೆ. ಅದಕ್ಕೆ ತಕರಾರಿಲ್ಲ. ತಕರಾರು ಇರುವುದು ಆ ಓದಿನ ರಚನೆಗೆ. ಹಳಕಟ್ಟಿಯವರು ಹುಟ್ಟಿದ ವರ್ಷ ಯಾವುದು ಎಂಬುದಕ್ಕೆ ನಾಲ್ಕು ಆಯ್ಕೆ ಕೊಟ್ಟರೆ 1880ಕ್ಕೆ ಗುರುತು ಹಾಕಬಹುದು. ಅವರು ಮನೆ ಮಾರಿ ಪುಸ್ತಕ ಅಚ್ಚು ಹಾಕಿದ್ದು ಸರಿಯೇ ಎಂಬುದಕ್ಕೆ ನಾಲ್ಕು ಆಯ್ಕೆ ಇಲ್ಲ. ಪರೀಕ್ಷೆಯ ಓದಿನಲ್ಲಿ ಯಾರಿಗೂ ಋಣಿಯಾಗಬೇಕಿಲ್ಲ. ಉತ್ತರ ನಮ್ಮದು, ಅಂಕ ನಮ್ಮದು, ಪಕ್ಕದ ಕುರ್ಚಿಯವನು ಪ್ರತಿಸ್ಪರ್ಧಿ. ಬೆಳಗಿನ ಪ್ರವಚನದ ಅಂಗಳದಲ್ಲಿ ಪಕ್ಕದಲ್ಲಿ ಕೂತವನು ಹಾಗಿರಲಿಲ್ಲ.

ಇನ್ನೊಂದು ಕಡೆಯಿಂದಲೂ ನಮ್ಮ ಲೆಕ್ಕ ತಪ್ಪಿದೆ. ಜಗತ್ತು ನಮಗೆ ಎಷ್ಟು ಬಾಕಿ ಎಂದು ಹೇಳಿಕೊಳ್ಳುವುದು ಈಚೆಗೆ ಬಹಳ ಹೆಚ್ಚಾಗಿದೆ. ಲೀಲಾವತಿ ಬರೆದ ಭಾಸ್ಕರಾಚಾರ್ಯರು ನಮ್ಮ ಭಾಗದವರು ಎಂದು ಅಭಿಮಾನದಿಂದ ಹೇಳುತ್ತೇವೆ, ಅವರ ಹುಟ್ಟೂರಿನ ಬಗ್ಗೆ ವಿದ್ವಾಂಸರ ಚರ್ಚೆ ಇದ್ದರೂ. ಅದೇ ಲೀಲಾವತಿಯನ್ನು 1587ರಲ್ಲಿ ಅಕ್ಬರನ ಆಸ್ಥಾನದ ಫೈಜಿ ಪಾರಸಿಗೆ ತಂದು ದೂರದವರೆಗೆ ತಲುಪಿಸಿದ ಎಂಬುದನ್ನು ಅಷ್ಟೇ ದನಿಯಲ್ಲಿ ಹೇಳುವುದಿಲ್ಲ. ಗೋಳಗುಮ್ಮಟದ ನೆರಳಿನಲ್ಲಿ ಬದುಕುವ ನಮಗೆ ಅದರ ಎತ್ತರ, ಅಗಲ, ಪಿಸುಗುಟ್ಟುವ ಗ್ಯಾಲರಿ ಗೊತ್ತು. ಅದೇ ಊರಿನಲ್ಲಿ ಕೂತು ಫರಿಷ್ತಾ ಚರಿತ್ರೆ ಬರೆದ, ನುಸ್ರತಿ ದಖನಿಯಲ್ಲಿ ಅಲಿನಾಮಾ ಬರೆದ, ದೊರೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಕಿತಾಬೆ ನೌರಸ್ ಬರೆದು ಅದರಲ್ಲಿ ಸರಸ್ವತಿಯನ್ನು ನೆನೆದ. ಇವು ಶತಮಾನಗಳ ಕಾಲ ಕನ್ನಡ ಓದುಗನ ಕೈಗೆ ಬರಲಿಲ್ಲ. ಆಸಾರ್ ಮಹಲಿನಲ್ಲಿದ್ದ ಹಸ್ತಪ್ರತಿಗಳು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಲಂಡನ್ ಸೇರಿದವು. ಉಳಿದ ಪುಸ್ತಕಗಳು ನಮ್ಮ ನಡುವೆಯೇ ಇದ್ದರೂ ಭಾಷೆಯ ಗೋಡೆ ಅಡ್ಡವಾಯಿತು. ಸಿಂದಗಿ ತಾಲ್ಲೂಕಿನ ಯರಗಲ್ಲಿನಲ್ಲಿ ಹುಟ್ಟಿದ ಎಂ. ಎಂ. ಕಲಬುರ್ಗಿಯವರು ಆದಿಲ್‌ಶಾಹಿ ಸಾಹಿತ್ಯವನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ನಿಂತರು, ವಿಜಯಪುರದ ಹಳಕಟ್ಟಿ ಸಂಶೋಧನ ಕೇಂದ್ರ ಅದಕ್ಕೆ ನೆಲೆಯಾಯಿತು. ವಚನ ಸಂಪುಟಗಳನ್ನು ಸಂಪಾದಿಸಿದ ವಿದ್ವಾಂಸರೇ ಪಾರಸಿ, ದಖನಿ ಸಂಪುಟಗಳಿಗೂ ಹೆಗಲು ಕೊಟ್ಟರು. ಒಪ್ಪದ ಮಾತನ್ನು ಸಹಿಸಲಾರದವರು 2015ರ ಆಗಸ್ಟ್ 30ರಂದು ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲೇ ಗುಂಡು ಹಾರಿಸಿ ಕೊಂದರು. ಅವರ ಪುಸ್ತಕಗಳನ್ನು ಓದುವವರು, ಅವರ ಜೊತೆ ಜಗಳ ಮಾಡುವವರು ಕೂಡ, ಈ ಬಾಕಿಯನ್ನು ಹೊತ್ತೇ ಓದಬೇಕು.

ಆದ್ದರಿಂದ ಕಾಖಂಡಕಿಯಲ್ಲಿ ಒಂದು ತಿಂಗಳ ಪಾಠ ನಡೆಯಬೇಕೆಂದು ನನಗೆ ಆಸೆ. ಶ್ರಾವಣದಲ್ಲಿ ಪುರಾಣ ಹಚ್ಚುವ ರೂಢಿ ನಮ್ಮ ಹಳ್ಳಿಗಳಲ್ಲಿ ಇದ್ದೇ ಇದೆ, ಜನ ಬಂದು ಕೂರುವ ಅಭ್ಯಾಸ ಇದೆ, ಪಂಚಾಯಿತಿಗಳಲ್ಲಿ ಈಗ ಅರಿವು ಕೇಂದ್ರ ಎಂಬ ಗ್ರಂಥಾಲಯಗಳೂ ಇವೆ. ಮೊದಲ ವಾರ ಮಹಿಪತಿದಾಸರ ಪದಗಳು. ದಖನಿಯ ಪದಗಳನ್ನು ಉರ್ದು ಬಲ್ಲ ಮನೆಯವರೇ ಓದಿ ಅರ್ಥ ಹೇಳಲಿ, ಕನ್ನಡದವನ್ನು ಭಜನಾ ಮಂಡಳಿಯವರು ಹಾಡಲಿ. ಎರಡನೆಯ ವಾರ ಬೀಸುವ ಕಲ್ಲಿನ ಹಾಡು. ವೇದಿಕೆಯ ಮೇಲೆ ಊರಿನ ಹಿರಿಯ ಹೆಣ್ಣುಮಕ್ಕಳು, ಕೆಳಗೆ ಗಂಡಸರು. ಪ್ರತಿ ಹಾಡಿನ ಜೊತೆ ಹಾಡಿದವರ ಹೆಸರನ್ನೂ ಕಲಿಸಿದವರ ಹೆಸರನ್ನೂ ಶಾಲೆಯ ಮಕ್ಕಳು ಬರೆದುಕೊಳ್ಳಲಿ. ಮೂರನೆಯ ವಾರ ಹಳಕಟ್ಟಿಯವರು ಉಳಿಸಿಕೊಟ್ಟ ವಚನಗಳು, ಅವುಗಳ ಜೊತೆಗೆ ಒಂದು ದಿನವಾದರೂ ಕಿತಾಬೆ ನೌರಸ್. ನಾಲ್ಕನೆಯ ವಾರ ಗೌರ್ಮೆಂಟ್ ಬ್ರಾಹ್ಮಣ, ದಿನಕ್ಕೆ ಒಂದೊಂದು ಅಧ್ಯಾಯ, ಗಟ್ಟಿಯಾಗಿ. ಪ್ರತಿದಿನ ಒಂದು ತಾಸು ಓದು, ಅರ್ಧ ತಾಸು ಪ್ರಶ್ನೆ. ಮೊದಲ ಪ್ರಶ್ನೆ ಪರೀಕ್ಷೆಗೆ ಓದುತ್ತಿರುವ ಹುಡುಗಿಯರದು, ಯಾಕೆಂದರೆ ನಾಳೆ ಕಚೇರಿಗಳಲ್ಲಿ ಕೂತು ಬಡವರ ಅರ್ಜಿ ಓದುವವರು ಅವರೇ.

ಮೊದಲ ಮೂರು ವಾರ ಎಲ್ಲಿ ಬೇಕಾದರೂ ನಡೆಯಲಿ, ಮಠದಲ್ಲಿ, ಗುಡಿಯ ಮುಂದೆ, ದರ್ಗಾದ ಅಂಗಳದಲ್ಲಿ. ನಾಲ್ಕನೆಯ ವಾರ ಮಾತ್ರ ಸರ್ಕಾರಿ ಶಾಲೆಯ ಅಂಗಳದಲ್ಲೇ ಆಗಬೇಕು. ಒಳಗೆ ಬರಲಿಕ್ಕೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲದ ಜಾಗ ಊರಿನಲ್ಲಿ ಸದ್ಯಕ್ಕೆ ಅದೊಂದೇ.